ಟಿಕ್ ಹಾಕದ ಬಾಕ್ಸು

ಶಿಡ್ಲಘಟ್ಟದ ನಮ್ಮ ಪುಟ್ಟ ಆಫೀಸಿನಲ್ಲಿ ವೆಬ್‌ಸೈಟ್ ಮಾಡುವವಳು ನಾನೊಬ್ಬಳೇ ಇದ್ದೆ, ಮೇಲೂರಿನ ಆ ಹುಡುಗಿ ಬರುವವರೆಗೆ. ಅವಳು ಬಂದ ವಾರದಿಂದಲೇ ಓನರ್ ಬಾಯಲ್ಲಿ ಅವಳದೇ ಮಾತು. ನನಗೆ ಹೊಟ್ಟೆ ಉರಿಯದೆ ಇನ್ನೇನಾದೀತು?

ರೇಷ್ಮೆಗೂಡು ಕೊಳ್ಳುವ ವ್ಯಾಪಾರಿಯೊಬ್ಬರಿಗೆ ವೆಬ್‌ಸೈಟಿನಲ್ಲಿ ಒಂದು ಫಾರಂ ಬೇಕಿತ್ತು. ರೈತರು ಊರಿನ ಹೆಸರು ತುಂಬಬೇಕು, ಗೂಡು ಸಾಗಿಸಲು ಗಾಡಿ ಬೇಕಿದ್ದರೆ ಒಂದು ಬಾಕ್ಸಿಗೆ ಟಿಕ್ ಹಾಕಬೇಕು. ಓನರ್ ನಮ್ಮಿಬ್ಬರಿಗೂ ಬೇರೆಬೇರೆಯಾಗಿ ಬರೆಯಲು ಹೇಳಿದರು. ನನ್ನದು ಮೊದಲು ಮುಗಿಯಿತು. ಗೆದ್ದೆ ಅಂದುಕೊಂಡೆ.

ನೋಡಲು ಬಂದ ವ್ಯಾಪಾರಿ ಎರಡರಲ್ಲೂ ದಿಬ್ಬೂರಹಳ್ಳಿ ಎಂದು ಟೈಪ್ ಮಾಡಿದರು. "ಅಲ್ಲಿಯವ್ರು ತಮ್ ಟೆಂಪೋದಲ್ಲೇ ತರ್ತಾರೆ, ಗಾಡಿ ಯಾಕೆ?" ಎನ್ನುತ್ತ ಟಿಕ್ ಹಾಕದೆ ಸಬ್ಮಿಟ್ ಒತ್ತಿದರು. ನನ್ನ ಪುಟದ ತುಂಬ ಎರರ್. ಅವಳ ಪುಟದಲ್ಲಿ 'ಗಾಡಿ ಬೇಡ' ಎಂದು ಅಚ್ಚುಕಟ್ಟಾಗಿ ಬಂತು.

"ಅಕ್ಕಾ, ಟಿಕ್ ಹಾಕ್ದೇ ಇದ್ರೆ ಆ ಬಾಕ್ಸು ಸರ್ವರ್‌ಗೆ ಬರೋದೇ ಇಲ್ಲ. ಬಂದಿದೆಯಾ ಅಂತ ಕೋಡ್‌ನಲ್ಲಿ ಮೊದ್ಲು ಕೇಳ್ಬೇಕು," ಎಂದಳು, ಎಲ್ಲರ ಎದುರಿಗೆ. ನನಗೇನು ಗೊತ್ತಿಲ್ಲದ್ದೇ ಅದು? ಅವಳಿಗಿಂತ ಮೊದಲು ಮುಗಿಸುವ ಅವಸರದಲ್ಲಿ ಪ್ರತಿ ಸಲವೂ ಟಿಕ್ ಹಾಕಿಯೇ ನೋಡಿದ್ದೆ, ಅಷ್ಟೆ.

ಓನರ್ ಖುಷಿಯಾಗಿ ಟೀ ಹೇಳಿದರು: ತಮಗೆ, ವ್ಯಾಪಾರಿಗೆ, ಅವಳಿಗೆ. ನಾನು ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ.

"ಸಾರ್, ಅಕ್ಕಂಗೆ?" ಎಂದು ಕೇಳಿದವಳೂ ಅವಳೇ.

ಟೀ ಬಂತು, ಕುಡಿದೆ. ಇನ್ನು ಅವಳನ್ನು ಮನಸ್ಸಿನಲ್ಲಾದರೂ ಬೈಯುವ ಹಾಗಿರಲಿಲ್ಲ. ಹೊಟ್ಟೆ ಅದಕ್ಕೇ ಇನ್ನಷ್ಟು ಉರಿಯಿತು.