ಸುಂಕದ ನಾಕಾ ಸುಟ್ಟ ಕೈ

ಹಳ್ಳದ ದಂಡೆಯ ಸುಂಕದ ನಾಕಾ ಸುಟ್ಟವಳು ನಾನು. ನನ್ನ ಗಂಡ, ನಿಮ್ಮ ಮುತ್ಯಾ, ಅಲ್ಲ.

ಈ ಎರಡು ಸಾಲು ಬರೆಯಲು ನನಗೆ ಮೂರು ದಿನ ಹಿಡಿಯಿತು. ಮೊದಲನೆಯ ದಿನ ಪೆನ್ನು ಸಿಗಲಿಲ್ಲ, ಎರಡನೆಯ ದಿನ ಕಣ್ಣಿನ ಚಾಳೀಸು ಸಿಗಲಿಲ್ಲ, ಮೂರನೆಯ ದಿನ ಎರಡೂ ಸಿಕ್ಕು ನೆಪ ತೀರಿಹೋಯಿತು. ನಾನು ಹಳ್ಳಿಯ ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತವಳು. ಮಕ್ಕಳೇ, ನೀವೆಲ್ಲ ಮರಾಠಿ ಸಾಲಿಯವರು. ಕನ್ನಡ ಮಾತಾಡುತ್ತೀರಿ, ಓದಲು ಬರುವುದಿಲ್ಲ. ನಿಜ ಹೇಳುತ್ತೇನೆ, ಆ ಧೈರ್ಯದ ಮೇಲೆಯೇ ಬರೆಯಲು ಕೂತೆ. ಆಮೇಲೆ ನಾಚಿಕೆಯಾಯಿತು — ಓದಲು ಬಾರದವರ ಮುಂದೆ ತಪ್ಪು ಒಪ್ಪಿಕೊಂಡರೆ ಅದು ಎಂಥ ಒಪ್ಪಿಗೆ? ಅದಕ್ಕೆ, ಮುಗಿದ ಮೇಲೆ ನಾನೇ ನಿಮ್ಮನ್ನು ಕೂರಿಸಿಕೊಂಡು ಓದುತ್ತೇನೆ. ನಗು ಬಂದಲ್ಲಿ ನಗಿರಿ. ಬಹಳ ಕಡೆ ಬರುತ್ತದೆ. ಆದರೆ ಕೊನೆಯವರೆಗೆ ಕೂಡ್ರಿರಿ.

ಹೋದ ವಾರ ನಮ್ಮ ಸುವರ್ಣಾ ಸಾಲಿಯ ಭಾಷಣಕ್ಕೆ ಬರೆದುಕೊಳ್ಳುತ್ತಿದ್ದಳು — ನಮ್ಮ ಮುತ್ಯಾ ಸ್ವಾತಂತ್ರ್ಯ ಹೋರಾಟಗಾರ, ನಿಜಾಮರ ನಾಕಾ ಸುಟ್ಟವರು ಎಂದು. ನಡುವೆ ತಲೆಯೆತ್ತಿ ಕೇಳಿದಳು, "ಆಯಿ, ಘಾಸಲೇಟ ಎಣ್ಣಿ ಹಾಕಿ ಸುಟ್ಟಿದ್ರೋ, ಪೆಟ್ರೋಲ ಹಾಕಿನೋ?" ನಾನು "ಘಾಸಲೇಟ" ಎಂದು ಹೇಳಿ ಅಡುಗೆಮನೆಗೆ ಹೋದೆ. ಈ ವಯಸ್ಸಿನಲ್ಲಿ ಒಂದು ಹೊಸ ಸುಳ್ಳು — ಅದೂ ಬಾಯಿ ತಡವರಿಸದೆ.

ಸುಟ್ಟದ್ದು ಘಾಸಲೇಟ — ಸೀಮೆಎಣ್ಣೆ — ಅಲ್ಲ, ಪೆಟ್ರೋಲೂ ಅಲ್ಲ. ಮಿಸರಿ.

ಮಿಸರಿ ಅಂದರೆ ನಿಮಗೆ ತಿಳಿಯಲಿಕ್ಕಿಲ್ಲ. ತಂಬಾಕಿನ ಎಲೆಯನ್ನು ಕರ್ರಗೆ ಹುರಿದು, ತಿಕ್ಕಿ ಪುಡಿ ಮಾಡಿ, ಬೆರಳಿಂದ ಹಲ್ಲಿಗೆ ಉಜ್ಜುವುದು. ನನ್ನ ತವರಿನಲ್ಲಿ ಅವ್ವ, ಚಿಗವ್ವ, ಅತ್ತೆಯರು ಎಲ್ಲರೂ ಉಜ್ಜುವವರೇ. ಮದುವೆಯ ಹೊತ್ತಿಗೆ ನನಗೂ ಅದು ಹತ್ತಿಬಿಟ್ಟಿತ್ತು. ಒಂದು ದಿನ ತಪ್ಪಿದರೆ ತಲೆ ಗಿರ್ರೆನ್ನುವುದು. ಇಲ್ಲಿ ಅಕ್ಕಲಕೋಟೆ ಸೀಮೆಯ ಈ ಮನೆಗೆ ಬಂದರೆ — ನಿಮ್ಮ ದೊಡ್ಡ ಮುತ್ಯಾ, ಅಂದರೆ ನನ್ನ ಭಾವನವರು, ಖಾದಿ ಉಡುವವರು, ಚರಕಾ ತಿರುಗಿಸುವವರು. ಇಡೀ ಮನೆಯವರನ್ನು ದೇವರ ಜಗುಲಿಯ ಮುಂದೆ ನಿಲ್ಲಿಸಿ ತಂಬಾಕು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದ್ದರು. ನಾನು ಹೊಸ ಸೊಸೆ, ಸೆರಗು ಹೊದ್ದು ನಿಂತು ಆಣೆ ಮಾಡಿದೆ. ಆಗಲೂ ಸೆರಗಿನ ಗಂಟಿನಲ್ಲಿ ಎರಡು ಎಲೆ ಇದ್ದವು.

ಮನೆಯಲ್ಲಿ ಹುರಿಯುವಂತಿಲ್ಲ, ನನ್ನ ಅತ್ತೆ ಮೂರು ಕೋಣೆ ಆಚೆಯಿಂದ ವಾಸನೆ ಹಿಡಿಯುವವರು. ಅದಕ್ಕೆ ಸೆಗಣಿ ಆರಿಸುವ ನೆಪದಲ್ಲಿ ಹಳ್ಳ ದಾಟುತ್ತಿದ್ದೆ. ಹಳ್ಳದ ಆಚೆ ಆಗ ಮೊಗಲಾಯಿ, ಅಂದರೆ ನಿಜಾಮರ ರಾಜ್ಯ. ನಮ್ಮ ಕಡೆ ಸ್ವಾತಂತ್ರ್ಯ ಬಂದಿತ್ತು, ಆ ಕಡೆ ಇನ್ನೂ ಬಂದಿರಲಿಲ್ಲ. ದಂಡೆಯ ಮೇಲೆ ಅವರ ಸುಂಕದ ನಾಕಾ — ಜೋಳದ ಕಣಿಕೆ ಹೊದಿಸಿದ ಒಂದು ಗುಡಿಸಲು. ಅದರಲ್ಲಿ ಮುದಿ ಸಿಪಾಯಿ ಹುಸೇನಸಾಬರು ಮತ್ತು ಅವರ ಒಂದು ಆಡು. ತವರಿಗೆ ಹೋಗುವಾಗ ಬರುವಾಗ ಅವರು ನನ್ನ ಬುತ್ತಿ ಬಿಚ್ಚಿಸುತ್ತಿರಲಿಲ್ಲ. ಮೂಗಿನಿಂದಲೇ ನೋಡಿ, "ಶೇಂಗಾ ಹೋಳಿಗಿ ಐತಿ, ಸುಂಕ ಒಂದು" ಎಂದು ಒಂದು ಹೋಳಿಗೆ ತೆಗೆದುಕೊಂಡು ಬಿಡುತ್ತಿದ್ದರು.

ಆ ಬೇಸಿಗೆಯ ಮಧ್ಯಾಹ್ನ ನಾಕಾದ ಹಿಂದೆ ನೆರಳಿನಲ್ಲಿ ಕೂತು, ಬೋಕಿಯಲ್ಲಿ — ಒಡೆದ ಗಡಿಗೆಯ ಚೂರಿನಲ್ಲಿ — ಎಲೆ ಹುರಿಯುತ್ತಿದ್ದೆ. ಗಾಳಿ ಬಂತು. ಒಂದು ಎಲೆ ಕಿಡಿ ಹಿಡಿದು ಹಾರಿ ಕಣಿಕೆಯ ಮೇಲೆ ಕೂತಿತು. ನಾನು ಅದನ್ನು ನೋಡುತ್ತಾ — ಕೂಗಬೇಕು ಅನ್ನಿಸಿತು, ಆದರೆ ಹೊಸ ಸೊಸೆ ಹೇಗೆ ಕೂಗುವುದು ಎಂದು ಯೋಚಿಸುತ್ತಿದ್ದೆ. ನಾನು ಯೋಚಿಸಿ ಮುಗಿಸುವುದರಲ್ಲಿ ಅರ್ಧ ಮಾಡು ಹೋಗಿತ್ತು.

ಹುಸೇನಸಾಬರು ಮೊದಲು ಆಡನ್ನು ಹೊರಗೆ ಎಳೆದರು, ಆಮೇಲೆ ಹಿಂದೆ ಕೂತಿದ್ದ ನನ್ನನ್ನು ದೂರಕ್ಕೆ. ನನ್ನ ಕೈಯ ಬೋಕಿ ಕಸಿದು ಪೊದೆಗೆ ಎಸೆದರು. ಬೈಯಲಿಲ್ಲ. "ಮನಿಗಿ ಹೋಗ ಮಗಳ. ಮೊದಲ ಬಾಯಿ ತೊಳಕೊ, ವಾಸನಿ ಬರತೈತಿ" ಎಂದರು. ಹಿಂದೆ ಅವರು ಮಲಗುವ ಹೊರಸು, ಹೆಂಡತಿ ಸಾಯುವ ಮುಂಚೆ ಹೊಲಿದಿಟ್ಟಿದ್ದ ಕೌದಿ, ಎಲ್ಲ ಉರಿಯುತ್ತಿತ್ತು.

ಅದೇ ಸಂಜೆ ನಿಮ್ಮ ಮುತ್ಯಾ ಸರಹದ್ದಿನ ಕ್ಯಾಂಪಿನಿಂದ ಮನೆಗೆ ಬಂದರು. ಮೊಗಲಾಯಿಯ ವಿರುದ್ಧ ಹೋರಾಡುವ ಹುಡುಗರ ಕ್ಯಾಂಪು ಅದು. ಇವರು ಅಲ್ಲಿ ಇಪ್ಪತ್ತೆರಡು ದಿನ ಇದ್ದರು, ಇಪ್ಪತ್ತೆರಡು ದಿನವೂ ಒಲೆಯ ಮುಂದೆ ಕೂತು ಝುಣಕಾ ತಿರುವಿದರು. ಅವರ ಕೈಗೆ ಬಂದೂಕು ಕೊಟ್ಟದ್ದು ಒಮ್ಮೆ — ಒರೆಸಿ ಇಡಲಿಕ್ಕೆ. ಆದರೆ ಊರಿಗೆ ಅದೆಲ್ಲ ಏನು ಗೊತ್ತು? ಕ್ಯಾಂಪಿನವ ಬಂದಿದ್ದಾನೆ, ನಾಕಾ ಸುಟ್ಟಿದೆ. ಹೆಗಲ ಮೇಲೆ ಹೊತ್ತುಕೊಂಡರು. "ನೀನೇ ಏನೋ?" ಎಂದು ಕೇಳಿದಾಗ ನಿಮ್ಮ ಮುತ್ಯಾ ಸಣ್ಣಗೆ ನಕ್ಕರು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ — ಹೇಳಲು ನಾಚಿಕೆಯಾಗುತ್ತದೆ — ಬಹಳ ಸಂತೋಷವಾಯಿತು. ಬೆಂಕಿಗೆ ಒಬ್ಬ ಯಜಮಾನ ಸಿಕ್ಕನಲ್ಲ.

ಭಾವನವರಿಗೆ ಮಾತ್ರ ಸಂತೋಷವಾಗಲಿಲ್ಲ. ಒಬ್ಬ ಬಡವನ ಮಾಡು ಸುಟ್ಟು ಎಂಥ ಸ್ವಾತಂತ್ರ್ಯ, ಹೋಗಿ ಅವನ ಕ್ಷಮೆ ಕೇಳು ಎಂದರು. ಕೇಳುವುದಿಲ್ಲ ಎಂದರು ಇವರು. ಕೇಳಿದರೆ ಮಾಡಿದ್ದೇನೆ ಎಂದಾಗುತ್ತದೆ, ಮಾಡಿಲ್ಲ ಎಂದರೆ ಹೆಗಲಿನಿಂದ ಇಳಿಯಬೇಕಾಗುತ್ತದೆ. ಪಾಪ, ಎರಡರ ನಡುವೆ ಸಿಕ್ಕಿಕೊಂಡಿದ್ದರು. ಹುಸೇನಸಾಬರು ಅಷ್ಟರಲ್ಲಿ ಸೊಲ್ಲಾಪುರಕ್ಕೆ, ಮಗಳು ಖಾತೂನಳ ಮನೆಗೆ ಹೋಗಿಬಿಟ್ಟಿದ್ದರು. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎತ್ತಿದರು. ಅಂಗಳ ಒಂದೇ ಉಳಿಯಿತು, ಅಂಗಳದಲ್ಲಿ ಕಟ್ಟಿದ ಎಮ್ಮೆಯೂ ಒಂದೇ. ಹೇಳುವುದೇನಾದರೂ ಇದ್ದರೆ ಎಮ್ಮೆಗೆ ಹೇಳುವರು. "ಎಮ್ಮೀ, ನಾಳೆ ಬಾವಿ ಪಾಳಿ ನಮ್ಮದೈತಿ ಅಂತ ಹೇಳು." ಆ ಕಡೆಯಿಂದ, "ಎಮ್ಮೀ, ಗೊತ್ತೈತಿ ಅಂತ ಹೇಳು." ಏಳು ವರ್ಷ. ಎಮ್ಮೆ ನಾಲ್ಕು ಸಲ ಈದಿತು, ಆದರೂ ಆ ಕೆಲಸ ಬಿಡಲಿಲ್ಲ.

ಆ ಏಳು ವರ್ಷದಲ್ಲಿ ಮೊಗಲಾಯಿ ಹೋಯಿತು, ಹಳ್ಳದ ಎರಡೂ ದಂಡೆಗೆ ಒಂದೇ ಸರಕಾರ ಬಂತು. ನಿಮ್ಮ ಮುತ್ಯಾನ ಕಥೆಯೂ ಬೆಳೆಯಿತು. ಮೊದಲ ವರ್ಷ ಒಂದು ಕಡ್ಡಿ ಗೀರಿದ್ದರು. ಮರುವರ್ಷ ಘಾಸಲೇಟ ಬಂತು. ಆಮೇಲೆ ನಾಕಾಕ್ಕೆ ನಾಲ್ವರು ಕಾವಲುಗಾರರು ಬಂದರು, ಅವರಿಗೆ ಕುದುರೆಗಳು ಬಂದವು. ನಾನು ಚಹಾ ಕೊಡುತ್ತಾ ಕೇಳುತ್ತಿದ್ದೆ. ಆ ಒಂದು ಆಡು ಎಷ್ಟು ಕುದುರೆಯಾಯಿತು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಆಮೇಲೆ ಊರ ಸಾಲಿಗೆ ಸೊಲ್ಲಾಪುರದಿಂದ ಹೊಸ ಮಾಸ್ತರರು ಬಂದರು. ಸಾಲಿಗೆ ಗಂಟೆ ಬಾರಿಸುವ ಒಬ್ಬ ಸಿಪಾಯಿ ಬೇಕಾಗಿತ್ತು, ಇರಲು ಒಂದು ಕೋಣೆಯೂ ಇತ್ತು. ಭಾವನವರು ಹುಸೇನಸಾಬರ ಹೆಸರು ಹೇಳಿದರು — ನಮ್ಮ ಊರು ಅವರ ಮಾಡು ಸುಟ್ಟಿದೆ, ನಮ್ಮ ಊರೇ ಒಂದು ಮಾಡು ಕೊಡಲಿ ಎಂದು. ಯಾರೂ ಬೇಡವೆನ್ನಲಿಲ್ಲ. ಹೇಳಿ ಕಳಿಸಿದ ಕೂಡಲೇ ಮುದುಕರು ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದರು. ಖಾತೂನಳ ಒಂದೇ ಖೋಲಿಯಲ್ಲಿ ಆರು ಜನ; ಮುದುಕರು ಮಗ್ಗದ ಕೆಳಗೆ ಮಲಗುತ್ತಿದ್ದರಂತೆ. ಸಾಲಿಯ ಪಂಚರು ಆ ಸಂಜೆ ಕೂತು ನೇಮಿಸುವುದೊಂದೇ ಬಾಕಿ.

ಅದಕ್ಕೆ ಮುಂಚೆ ಮಧ್ಯಾಹ್ನ ಮಾಸ್ತರರು ಒಂದು ವಾದವಿವಾದ ಇಟ್ಟರು. ಅಣ್ಣತಮ್ಮಂದಿರ ಸಿಟ್ಟು ಮಾತಿನಲ್ಲಿ ಹರಿದುಹೋಗಲಿ ಎಂಬುದು ಅವರ ಆಸೆ. ಹಲಗೆಯ ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಬರೆದರು: ಸ್ವಾತಂತ್ರ್ಯಕ್ಕಾಗಿ ಹಿಂಸೆ ಯೋಗ್ಯವೇ? ಊರೆಲ್ಲ ಸೇರಿತು. ನಾವು ಹೆಂಗಸರು ಒಳಗೆ, ಬಾಗಿಲ ಹಿಂದೆ. ಎಮ್ಮೆ ಇರಲಿಲ್ಲವಾದ್ದರಿಂದ ಮಾಸ್ತರರೇ ಎಮ್ಮೆಯಾದರು.

"ಮಾಸ್ತರ, ಅವರಿಗೆ ಹೇಳ್ರಿ" ಎಂದರು ನಿಮ್ಮ ಮುತ್ಯಾ, "ಚರಕಾ ತಿರುವಿದ್ರ ನಾಕಾ ಎದ್ದ ಹೋಗತಿತ್ತೇನು? ಇವತ್ತಿಗೂ ತವರಿಗೆ ಹೋಗೋ ಹೆಣ್ಣಮಕ್ಕಳ ಬುತ್ತಿ ಬಿಚ್ಚತಿದ್ರು."

"ಮಾಸ್ತರ, ಅವನಿಗೆ ಕೇಳ್ರಿ" ಎಂದರು ಭಾವನವರು, "ಸುಟ್ಟಿದ್ದು ನಿಜಾಮನ ಅರಮನಿಯೋ, ಬಡ ಸಿಪಾಯಿ ಹೊರಸೋ?"

ನಿಮ್ಮ ಮುತ್ಯಾ ತಮ್ಮ ಕಥೆಯ ಕುದುರೆಗಳನ್ನು ಕರೆತರಬೇಕೆಂದು ಬಾಯಿ ತೆರೆದರು; ಎದುರಿಗೆ ಹುಸೇನಸಾಬರೇ ಕೂತಿದ್ದರು, ಬಾಯಿ ಮುಚ್ಚಿದರು. ಆಗ ಭಾವನವರು ಮುದುಕರ ಕಡೆ ತಿರುಗಿ, ನೀವೇ ಹೇಳಿರಿ, ಯಾರು ಸುಟ್ಟದ್ದನ್ನು ನೋಡಿದಿರಿ, ಅವನು ಇಲ್ಲೇ ಎಲ್ಲರ ಮುಂದೆ ನಿಮ್ಮ ಕಾಲು ಹಿಡಿಯುತ್ತಾನೆ ಎಂದರು.

ಹುಸೇನಸಾಬರು ಎದ್ದು ನಿಂತರು. ಬಾಗಿಲ ಕಡೆ ಒಮ್ಮೆ ನೋಡಿದರು. ನಾನು ಸೆರಗಿನ ಗಂಟನ್ನು ಬೆನ್ನ ಹಿಂದೆ ಸರಿಸಿದೆ.

"ಜಗಳಾ ಬಿಡ್ರಿ ಗೌಡ್ರ" ಎಂದರು. "ಯಾರೂ ಸುಟ್ಟಿಲ್ಲ. ನಾನಽ ಚಿಲುಮಿ ಸೇದಕೋತ ಮಕ್ಕೊಂಡಿದ್ದೆ. ಕಿಡಿ ಹಾರ್ತು."

ಕೂತ ಜನ ನಕ್ಕಿತು ನೋಡಿರಿ. ನಿಮ್ಮ ಮುತ್ಯಾನ ಮುಖ ಮೊದಲು ಕೆಂಪಾಯಿತು, ಆಮೇಲೆ ತಲೆಯ ಮೇಲಿನ ಚೀಲ ಇಳಿಸಿದವರ ಮುಖದ ಹಾಗಾಯಿತು. ಭಾವನವರು ಮಾಸ್ತರರನ್ನು ಪಕ್ಕಕ್ಕೆ ಸರಿಸಿ, ಏಳು ವರ್ಷದಲ್ಲಿ ಮೊದಲ ಸಲ ತಮ್ಮನಿಗೆ ನೇರವಾಗಿ ಮಾತಾಡಿದರು.

"ಏಳ ವರ್ಷ ಸುಳ್ಳ ಹೇಳಿದೇನೋ?"

"ನೀ ನನಗ ಎಲ್ಲಿ ಕೇಳಿದಿ ಅಣ್ಣಾ? ಎಮ್ಮಿಗೆ ಕೇಳತಿದ್ದಿ."

ಭಾವನವರು ನಗುವುದನ್ನು ನಾನು ಅಂದೇ ನೋಡಿದ್ದು. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಮನೆಗೆ ಬಂದರು. ಕತ್ತಲಾಗುವ ಮುಂಚೆಯೇ ಗೋಡೆಗೆ ಹಾರೆ ಬಿತ್ತು.

ಇಲ್ಲಿಯವರೆಗೆ ನಗಬಹುದಿತ್ತು, ಮಕ್ಕಳೇ.

ಸಂಜೆ ಪಂಚರು ಕೂತರು. ಸಾಲಿಗೂ ಕಣಿಕೆಯ ಮಾಡು. ಬೆಂಕಿ ಕೈಯಲ್ಲಿಟ್ಟುಕೊಂಡು ನಿದ್ದೆ ಮಾಡುವವನ ಕೈಗೆ ಮಕ್ಕಳನ್ನು ಹೇಗೆ ಕೊಡುವುದು ಎಂದು ಒಬ್ಬರು ಕೇಳಿದರು. ಭಾವನವರು, ತಂಬಾಕು ಸೇದುವವನಿಗೆ ತಾನು ಹೂಂ ಅನ್ನಲಾರೆ ಎಂದರು. ನಿಮ್ಮ ಮುತ್ಯಾ, ಅಣ್ಣ ಅಂದದ್ದೇ ಸರಿ ಎಂದರು — ಆ ದಿನ ಅವರು ಅಣ್ಣ ಏನಂದರೂ ಸರಿ ಅನ್ನುತ್ತಿದ್ದರು. ಕೆಲಸ ಬೇರೆಯವರಿಗೆ ಹೋಯಿತು.

ಹುಸೇನಸಾಬರು ಚಿಲುಮೆ ಮುಟ್ಟಿದವರೇ ಅಲ್ಲ. ಅದು ಈ ಊರಿನಲ್ಲಿ ಖಚಿತವಾಗಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಮರುದಿನ ಬೆಳಿಗ್ಗೆ ಅಣ್ಣತಮ್ಮಂದಿರು ಕೂಡಿದ್ದಕ್ಕೆ ಮನೆಯಲ್ಲಿ ಹೋಳಿಗೆ. ನಾನು ಬೇಯಿಸುತ್ತಿದ್ದೆ. ಕಿಟಕಿಯ ಆಚೆ ಅವರು ತಗಡಿನ ಪೆಟ್ಟಿಗೆ ಹೊತ್ತು ಮೋಟಾರು ನಿಲ್ಲುವ ಕಡೆ ಹೋಗುತ್ತಿದ್ದರು. ಎರಡು ಕಡೆ ನಿಂತು ಪೆಟ್ಟಿಗೆ ಕೆಳಗಿಟ್ಟು ಉಸಿರು ತೆಗೆದುಕೊಂಡರು. ನಾನು ಹೊಸ್ತಿಲವರೆಗೆ ಬಂದೆ. ಮಾತು ಬಾಯಿಯಲ್ಲೇ ಇತ್ತು. ಹಂಚಿನ ಮೇಲೆ ಹೋಳಿಗೆ ಹತ್ತುವ ವಾಸನೆ ಬಂತು — ನಾನು ಒಳಗೆ ಹೋದೆ. ಹೋಳಿಗೆ ತಿರುವಿ ಹಾಕಿ ಮತ್ತೆ ಬಂದಾಗ ರಸ್ತೆ ಖಾಲಿಯಾಗಿತ್ತು.

ಮನೆ ಮತ್ತೆ ಒಡೆಯಬಾರದೆಂದು ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಗೋಡೆ ಬಿದ್ದಾಗಿತ್ತು, ನಿಜ ಹೇಳಿದ್ದರೂ ಅದು ಮತ್ತೆ ಏಳುತ್ತಿರಲಿಲ್ಲ. ದೇವರ ಮುಂದೆ ಆಣೆ ಮಾಡಿ ತಂಬಾಕು ತಿಕ್ಕಿದ ಸೊಸೆ ಎಂದು ನಾಲ್ಕು ಜನ ಅನ್ನುವುದಕ್ಕೆ ಹೆದರಿದೆ. ಅಷ್ಟೇ. ಅಷ್ಟಕ್ಕೆ ಒಬ್ಬ ಮುದುಕರು ಮತ್ತೆ ಮಗ್ಗದ ಕೆಳಗೆ ಮಲಗಲು ಹೋದರು. ಮೂರು ವರ್ಷದ ಮೇಲೆ ಅವರು ಅಲ್ಲೇ ತೀರಿಕೊಂಡರೆಂದು ಸಂತೆಗೆ ಬಂದವರು ಹೇಳಿದರು. ಆ ದಿನ ಮಿಸರಿ ಬಿಟ್ಟೆ. ಬಿಟ್ಟು ಅವರಿಗೆ ಏನಾಗಬೇಕಿತ್ತು?

ನಿಮ್ಮ ಮುತ್ಯಾ ಎರಡು ವರ್ಷ ಬಿಟ್ಟು ತಮ್ಮ ಕಥೆಯನ್ನು ಮತ್ತೆ ಶುರು ಮಾಡಿದರು. ಚಿಲುಮೆಯ ಮಾತು ಊರು ಮರೆತಿತ್ತು. ನಾನು ಚಹಾ ಕೊಟ್ಟೆ. ಅವರು ತೀರಿಹೋಗುವವರೆಗೂ ಅವರಿಗೂ ಹೇಳಲಿಲ್ಲ.

ಖಾತೂನ ಇನ್ನೂ ಇದ್ದಾಳೆ, ಸೊಲ್ಲಾಪುರದಲ್ಲಿ, ಅದೇ ಗಲ್ಲಿಯಲ್ಲಿ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಈ ಸೋಮವಾರ ಎಸ್‌ಟಿ ಬಸ್ಸು ಹಿಡಿದು ಹೋಗುತ್ತೇನೆ. ನಿಮ್ಮಲ್ಲಿ ಒಬ್ಬರು ಜೊತೆಗೆ ಬನ್ನಿ, ಬಾಗಿಲಲ್ಲೇ ನಿಲ್ಲಿರಿ. ನನ್ನ ಪರವಾಗಿ ಒಂದು ಮಾತೂ ಆಡಬೇಡಿರಿ. ಅವಳ ಅಪ್ಪ ಚಿಲುಮೆ ಸೇದುತ್ತಿರಲಿಲ್ಲ ಎಂದು ಅವಳಿಗೆ ಹೇಳಬೇಕಾಗಿಲ್ಲ, ಅದು ಅವಳಿಗೆ ಗೊತ್ತು. ಸೇದಿದೆ ಎಂದು ಯಾರ ಸಲುವಾಗಿ ಹೇಳಿದರೆಂಬುದು ಗೊತ್ತಿಲ್ಲ. ಅದನ್ನು ಹೇಳಿ, ಅವಳು ಕೂಡ್ರು ಅಂದರೆ ಕೂಡ್ರುತ್ತೇನೆ, ಹೋಗು ಅಂದರೆ ಮುಂದಿನ ಮೋಟಾರಿಗೆ ತಿರುಗಿ ಬರುತ್ತೇನೆ.