ಗಟ್ಟಿ ತಾಯಿ, ಮೆತ್ತನೆ ತಾಯಿ

ನೆನೆಸಿದ ಅವರೆಕಾಳನ್ನು ಬೆರಳ ತುದಿಯಲ್ಲಿ ಇದುಕಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಬಿದ್ದು ಸಿಪ್ಪೆ ಕೈಯಲ್ಲಿ ಉಳಿಯಬೇಕು. ನಾನು ಇದುಕಿದರೆ ಬೇಳೆ ಪಾತ್ರೆಯ ಆಚೆಗೇ ಹಾರುತ್ತದೆ. "ನಿನ್ ಬೇಳೆ ಪಿರಿಯಾಪಟ್ಣಕ್ಕೋಯ್ತದೆ ಕಣ್ಲಾ!" ಎಂದು ದೊಡ್ಡವ್ವ ಹಂಗಿಸದ ಅವರೆಕಾಲವಿಲ್ಲ. ಅಂಥ ಸಿಪ್ಪೆಯ ಬಗ್ಗೆ ನನಗೆ ಗೌರವ ಮೂಡಿದ್ದು ಹೋದ ವರ್ಷ, ಮದುವೆಯಾಗಿ ಮಗಳೂ ಇರುವ ತಮ್ಮ ಸಿದ್ದರಾಜುವಿಗೆ ಜ್ವರವೇರಿ ಕತ್ತು ಸೆಟೆದುಕೊಂಡಾಗ.

ನಮ್ಮೂರು ಕಟ್ಟೆಮಳಲವಾಡಿಯಿಂದ ಮೈಸೂರಿನ ಆಸ್ಪತ್ರೆಗೆ ಒಯ್ದೆವು. ಮಿದುಳಿನ ಪೊರೆಗೆ ಸೋಂಕಿರಬಹುದು, ಬೆನ್ನಿನಿಂದ ನೀರು ತೆಗೆದು ನೋಡಬೇಕು, ತಡವಾದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರಮ್ಮ. ನಾವೆಲ್ಲ ದೊಡ್ಡವ್ವನ ಮುಖ ನೋಡಿದೆವು. ನಮ್ಮ ಮನೆಯ ಪದ್ಧತಿ ಹಾಗೆ: ಕಿವಿ ಚುಚ್ಚಿಸುವಾಗ, ಮುಳ್ಳು ಕೀಳುವಾಗ, ಎಷ್ಟೇ ದೊಡ್ಡವರಾಗಲಿ, ಮಕ್ಕಳನ್ನು ಅಮುಕಿ ಹಿಡಿಯುವವಳು ದೊಡ್ಡಪ್ಪನ ಹೆಂಡತಿ, ಹೆತ್ತವಳು ಬಾಗಿಲ ಹಿಂದೆ. ಹೆತ್ತ ಕರುಳು ಗಟ್ಟಿ ಕೆಲಸಕ್ಕೆ ಬಾರದೆಂಬುದು ಹಿರಿಯರ ಸಿದ್ಧಾಂತ.

"ಬ್ಯಾಡ ಕಣವ್ವ! ಬೆನ್ಗೆ ಸೂಜಿ ಆಕುದ್ರೆ ಸೊಂಟ ಬಿದ್ದೋಯ್ತದೆ," ಎಂದಳು ದೊಡ್ಡವ್ವ. ಹಿಡಿಯಬೇಕಾದವಳೇ ಬಾಗಿಲತ್ತ ಸರಿದಳು.

ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಅವರೆಕಾಳಿಗೆ ಸಿಪ್ಪೆಯಿದ್ದಂತೆ ಮಿದುಳಿಗೆ ಮೂರು ಪೊರೆ: ಹೊರಗಿನದು 'ಡ್ಯೂರಾ ಮೇಟರ್', ಅಂದರೆ ಗಟ್ಟಿ ತಾಯಿ, ಒಳಗಿನದು 'ಪಯಾ ಮೇಟರ್', ಮೆತ್ತನೆ ತಾಯಿ, ನಡುವಿನದು ಜೇಡರ ಬಲೆಯಂಥದ್ದು. ದೊಡ್ಡವ್ವ, ಹೆತ್ತವ್ವ ಎಂಬ ಇಬ್ಬರು ತಾಯಂದಿರ ನಡುವೆ ಯಾರ ಕಡೆಗೂ ವಾಲಲಾರದೆ ಅದುರುತ್ತಿದ್ದ ನಾನು ನಿಸ್ಸಂದೇಹವಾಗಿ ಆ ಜೇಡರ ಬಲೆ.

ಅಷ್ಟರಲ್ಲಿ ಮೂಲೆಯಲ್ಲಿದ್ದ ಅವ್ವ ಎದ್ದಳು. "ಅಕ್ಕ, ನೀನ್ ಆಚೆ ಕುಂತ್ಕೊ, ನಾನ್ ಇಡ್ಕತೀನಿ. ತಗೀರಿ ಡಾಕ್ಟ್ರೆ."

ಸೋಂಕು ಗೊತ್ತಾಯಿತು, ಔಷಧ ಹಿಡಿಯಿತು, ಸಿದ್ದರಾಜು ಉಳಿದ.

ಆಮೇಲೆ ನಾನು ಆ ಹೆಸರಿನ ಬೇರು ಹುಡುಕಿದೆ. ಗ್ರೀಕರ 'ಮೆನಿಂಕ್ಸ್' ಬರೀ ಪೊರೆ. ಅದನ್ನು ತಾಯಿ ಮಾಡಿದವರು ಅರಬ್ಬೀ ವೈದ್ಯರು. ವಸ್ತುಗಳ ನಡುವಣ ನಂಟನ್ನು ತಾಯಿ, ಮಗ ಎಂದೆಲ್ಲ ಹೇಳುವುದು ಅವರ ರೂಢಿಯಂತೆ. ಅವರ ತೆಳು ತಾಯಿ ಲ್ಯಾಟಿನ್ನಿಗೆ ಹೋಗುವಾಗ ಅನುವಾದಕರ ಕೃಪೆಯಿಂದ 'ಪಯಾ' ಎಂಬ ಹೆಸರು ಪಡೆದು ದೈವಭಕ್ತೆಯೂ ಆದಳು. ಕನ್ನಡದಲ್ಲೂ ಪೊರೆಯುವುದೆಂದರೆ ಸಲಹುವುದೇ ತಾನೆ? ಗಟ್ಟಿ ತಾಯಿ ತಲೆಬುರುಡೆಗೆ ಆನಿಕೊಂಡು ಕಾವಲಿರುತ್ತಾಳೆ; ಮೆತ್ತನೆ ತಾಯಿ ಮಿದುಳಿನ ಒಂದೊಂದು ಮಡಿಕೆಗೂ ಇಳಿದು ಅಂಟಿಕೊಳ್ಳುತ್ತಾಳೆ.

ಈ ಸಲದ ಅವರೆಕಾಲಕ್ಕೆ ಸಿದ್ದರಾಜುವಿನ ಮಗಳಿಗೆ ಕಿವಿ ಚುಚ್ಚಿಸಿದೆವು. ಅವನ ಹೆಂಡತಿ ಪದ್ಧತಿಯಂತೆ ಬಾಗಿಲ ಹಿಂದೆ ಸರಿಯುತ್ತಿದ್ದಳು.

"ಎಲ್ಗೋಯ್ತೀಯವ್ವ? ಬಂದು ಇಡ್ಕೊ. ಎತ್ತೋಳ್ ಕೈನೇ ಗಟ್ಟಿ," ಎಂದ ದೊಡ್ಡವ್ವ, ತಾನು ಬಂದು ನನ್ನ ಪಕ್ಕ ಅವರೆ ಇದುಕಲು ಕುಳಿತಳು. ಮಗು ಕಿಟಾರನೆ ಚೀರಿತು. ದೊಡ್ಡವ್ವನ ಬೇಳೆಯೂ ಪಾತ್ರೆಯ ಆಚೆಗೆ ಹಾರಿತು.