ರಾಹುಕಾಲ ಮುಗಿಯುವಷ್ಟರಲ್ಲಿ ಹೋದ ಎರಡು ಸೀಟು

ಫುಟ್‌ಬಾಲ್ ನೋಡಲು ಹೋದರೆ ನಾನು ನೋಡುವುದಕ್ಕಿಂತ ಮಾತಾಡುವುದೇ ಹೆಚ್ಚು. ಅಪ್ಪನ ಎರಡೂ ಕಣ್ಣುಗಳ ನಡುಭಾಗ ಮಂಜಾಗಿದೆ. ಅಂಚಿನಲ್ಲಿರುವುದು ಕಾಣುತ್ತದೆ, ನೆಟ್ಟಗೆ ನೋಡಿದ್ದು ಮಾತ್ರ ಕಾಣುವುದಿಲ್ಲ. ಹುಲ್ಲು ಕಾಣುತ್ತದೆ, ಜನ ಕಾಣುತ್ತಾರೆ, ಚೆಂಡನ್ನು ಹುಡುಕಲು ಹೋದರೆ ಚೆಂಡೇ ಮಾಯ. ಹಾಗಾಗಿ ಪಕ್ಕದ ಸೀಟಿನಲ್ಲಿ ಕೂತು, ಅವರ ಬಲಗಿವಿಯ ಹತ್ತಿರ ಬಾಯಿಟ್ಟು, ತೊಂಬತ್ತು ನಿಮಿಷವೂ ನಾನು ಹೇಳುತ್ತಿರಬೇಕು. "ಎಡಗಡೆ. ನಮ್ಮೋರ ಹತ್ರ ಇದೆ. ಉದ್ದಕ್ಕೆ ಹೊಡೆದ. ಅಯ್ಯೋ, ಹೊರಗೆ ಹೋಯ್ತು."

ಅಪ್ಪ ಬಿನ್ನಿಪೇಟೆಯ ಬಟ್ಟೆ ಮಿಲ್ಲಿನಲ್ಲಿದ್ದವರು. ಮಿಲ್ಲಿನ ಟೀಮಿನಲ್ಲಿ ಎಡಗಡೆ ಹಿಂದೆ ನಿಂತು ಆಡುತ್ತಿದ್ದರು. ಮಿಲ್ಲು ಮುಚ್ಚಿತು, ಟೀಮೂ ಹೋಯಿತು. ನಾನು ಚಿಕ್ಕವಳಿದ್ದಾಗ ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಮ್ಯಾಚಿಗೆ ಕರೆದೊಯ್ಯುತ್ತಿದ್ದರು. ಮುಂದೆ ನಿಂತವರ ಬೆನ್ನು ಬಿಟ್ಟರೆ ನನಗೇನೂ ಕಾಣುತ್ತಿರಲಿಲ್ಲ. ಆಗ ಬಗ್ಗಿ ನನ್ನ ಕಿವಿಯಲ್ಲಿ ಎಲ್ಲವನ್ನೂ ಹೇಳುತ್ತಿದ್ದವರು ಅವರು.

ನಮ್ಮ ಕ್ಲಬ್ಬಿನ ಸೀಸನ್ ಟಿಕೆಟ್ಟನ್ನು ಏಳು ಸೀಸನ್ನುಗಳಿಂದ ಕೊಳ್ಳುತ್ತಿದ್ದೇವೆ. ಪ್ರತಿ ಸಲವೂ ಅದೇ ಎರಡು ಸೀಟು. ಒಳ್ಳೆಯ ಸೀಟುಗಳೇನಲ್ಲ. ಸಂಜೆಯ ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಒಂದು ಮೂಲೆಗೆ ಕಂಬ ಅಡ್ಡ. ಆದರೆ ಗೇಟಿನಿಂದ ಕೇವಲ ಹದಿನಾಲ್ಕು ಮೆಟ್ಟಿಲು ಇಳಿದರೆ ಸಿಗುತ್ತವೆ. ಅಪ್ಪ ಎಣಿಸಿಕೊಂಡು ಇಳಿಯುತ್ತಾರೆ, ಕಂಬಿ ಮುಟ್ಟುತ್ತಾರೆ, ಬಲಕ್ಕೆ ತಿರುಗಿ ಕೂರುತ್ತಾರೆ. ಅಷ್ಟು ದೂರವನ್ನಾದರೂ ಯಾರ ಕೈಯನ್ನೂ ಹಿಡಿಯದೆ ಹೋಗುತ್ತಾರೆ. ವಿಜಯನಗರದ ನಮ್ಮ ಮನೆಯಿಂದ ಹಾಲಿನ ಬೂತಿಗೆ ಹೋಗಲೂ ಈಗ ಅವರಿಗೆ ನನ್ನ ಕೈ ಬೇಕು.

ಈ ಸಲ ಗಣೇಶನ ಹಬ್ಬ ಕಳೆದ ಮೇಲೆ ಕ್ಲಬ್ಬಿನಿಂದ ಮೊಬೈಲಿಗೆ ಮೆಸೇಜ್ ಬಂತು. ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಸೀಸನ್ ಟಿಕೆಟ್ ಮಾರಾಟ ಶುರು. ಮೊದಲ ಒಂದು ಗಂಟೆಯಲ್ಲಿ ಕೊಂಡವರಿಗೆ ಆಟಗಾರರು ಸಹಿ ಮಾಡಿದ ಜೆರ್ಸಿ, ಜೊತೆಗೆ ಒಂದು ದಿನ ಮೈದಾನಕ್ಕಿಳಿದು ತಂಡದ ಜೊತೆ ಫೋಟೋ. ಕೊನೆಯ ಸಾಲಿನಲ್ಲಿ, ಹೇಳಲು ಸಂಕೋಚವಾದಂತೆ, ಇನ್ನೊಂದು ಮಾತು ಬರೆದಿತ್ತು: ಈ ಬಾರಿ ಹಳೆಯ ಸೀಟುಗಳನ್ನು ಯಾರಿಗೂ ಕಾದಿರಿಸುವುದಿಲ್ಲ, ಮೊದಲು ಬಂದವರಿಗೆ ಮೊದಲು.

ಶುಕ್ರವಾರ ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ. ನಮ್ಮ ಮನೆಯಲ್ಲಿ ಇದನ್ನು ಕ್ಯಾಲೆಂಡರ್ ನೋಡಿ ತಿಳಿಯಬೇಕಾಗಿಲ್ಲ. ಅಮ್ಮ ಹುಳಿಗೆ ಬೇಳೆ ಹಾಕುತ್ತಲೇ ಹೇಳಿದಳು, "ಹನ್ನೆರಡಾಗ್ಲಿ ಕಣೇ. ಆಮೇಲೆ ಒತ್ತು. ಸ್ಟೇಡಿಯಂ ಏನ್ ಓಡ್ಹೋಗುತ್ತಾ?"

ನಾನು ಇದನ್ನೆಲ್ಲ ನಂಬುವವಳಲ್ಲ. ಆಫೀಸಿನಲ್ಲಿ ಯಾರಾದರೂ ರಾಹುಕಾಲವೆಂದು ಫೈಲ್ ತಡೆದರೆ ಮುಖಕ್ಕೇ ಬೈಯುತ್ತೇನೆ. ಹೋದ ಸಲ ಅಮ್ಮನ ಮಾತಿಗೆ ನಕ್ಕು, ಬೇಕೆಂದೇ ರಾಹುಕಾಲದಲ್ಲಿ ಟಿಕೆಟ್ ಕೊಂಡಿದ್ದೆ. ಆ ಸೀಸನ್ನಿನ ಮೂರನೇ ಮ್ಯಾಚಿನಲ್ಲಿ ಅಪ್ಪ, "ಏನಮ್ಮಾ, ಬಾಲೇ ಕಾಣ್ತಿಲ್ವಲ್ಲ" ಎಂದರು. ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲವೆಂದು ಡಾಕ್ಟರಿಗೆ ಗೊತ್ತು, ನನಗೂ ಗೊತ್ತು. ಆದರೂ ಆ ಶುಕ್ರವಾರ ಹತ್ತೂವರೆಗೆ ಮೊಬೈಲ್ ಹಿಡಿದು ಕೂತಾಗ ನನ್ನ ಬೆರಳು ನಿಂತೇ ಹೋಯಿತು. ಹೆದರಿದೆ. ಬಿಸಿಲಿಗೆ ಒಡ್ಡಿದ, ಕಂಬ ಅಡ್ಡವಿರುವ ಸೀಟುಗಳನ್ನು ಯಾರು ತಾನೇ ಕೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಅಷ್ಟರಲ್ಲಿ ಎರಡು ಸಲ ಕಾಫಿ ಕುಡಿದೆ. ಬೆರಳು ಮಾತ್ರ ಏಳಲಿಲ್ಲ.

ಹನ್ನೆರಡು ದಾಟಿ ಒಂದು ನಿಮಿಷಕ್ಕೆ ಬುಕಿಂಗ್ ಪುಟ ತೆರೆದೆ. ನಮ್ಮ ಎರಡೂ ಸೀಟುಗಳು ಬೂದಿ ಬಣ್ಣಕ್ಕೆ ತಿರುಗಿದ್ದವು, ಎಂದರೆ ಮಾರಿಹೋಗಿದ್ದವು. ಆ ಸಾಲೇ ಪೂರ್ತಿ ಬೂದಿ. ಅಕ್ಕಪಕ್ಕದ ಎರಡು ಸೀಟು ಇದ್ದದ್ದು ಮೇಲಿನ ಅಂತಸ್ತಿನಲ್ಲಿ ಮಾತ್ರ, ಅಷ್ಟು ಮೆಟ್ಟಿಲು ಅಪ್ಪ ಹತ್ತಲಾರರು. ಕೆಳಗೆ ಒಂಟಿ ಸೀಟುಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಅವುಗಳಲ್ಲಿ ಎರಡನ್ನು ಒತ್ತಿದೆ. ಒಂದು ನಮ್ಮ ಹಳೆಯ ಸಾಲಿಗಿಂತ ಮೂರು ಸಾಲು ಕೆಳಗೆ, ಇನ್ನೊಂದು ಮೂರು ಸಾಲು ಮೇಲೆ.

ಕ್ಲಬ್ಬಿನ ಟಿಕೆಟ್ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿದ್ದ ಹೆಂಗಸು ತುಂಬ ಸಮಾಧಾನದಿಂದ ಮಾತಾಡಿದಳು. "ಸಿಸ್ಟಮ್‌ನಲ್ಲಿ ಸೋಲ್ಡ್ ಅಂತ ತೋರಿಸ್ತಾ ಇದೆ ಮೇಡಂ. ಆಫರ್ ಇತ್ತಲ್ವಾ, ತುಂಬಾ ಫಾಸ್ಟ್ ಹೋಯ್ತು."

"ಏಳು ಸೀಸನ್ನಿಂದ ಅಲ್ಲೇ ಕೂತಿದೀವಿ ರೀ. ನಮಗೊಂದು ಫೋನ್ ಮಾಡೋಕಾಗಲ್ವಾ?"

"ಮೆಸೇಜ್ ಕಳ್ಸಿದ್ವಲ್ಲ ಮೇಡಂ. ನೀವು ಯಾಕೆ ಹತ್ತೂವರೆಗೆ ಬುಕ್ ಮಾಡ್ಲಿಲ್ಲ?"

ಫೋನ್ ಇಟ್ಟೆ.

ಕ್ಲಬ್ಬುಗಳು ಆಸೆ ತೋರಿಸಿ ಸೀಸನ್ ಟಿಕೆಟ್ ಮಾರಬಾರದು ಎನ್ನುವಷ್ಟು ದಡ್ಡಿ ನಾನಲ್ಲ. ಖಾಲಿ ಸ್ಟ್ಯಾಂಡಿನ ಮುಂದೆ ಆಡುವುದನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ಹೊಸಬರು ಬರಲಿ. ಜೆರ್ಸಿ ಕೊಡಿ, ಫೋಟೋ ತೆಗೆಸಿ, ಬೇಕಾದರೆ ಊಟ ಹಾಕಿಸಿ. ನನ್ನ ಸಿಟ್ಟು ಬೇರೆ. ಸೋತ ಸೀಸನ್ನಿನಲ್ಲೂ ಬಂದು ಕೂತವನಿಗೆ ಕೊಡಬೇಕಾದ ಬಹುಮಾನ ಒಂದೇ, ಅವನ ಜಾಗ. ಅದನ್ನು ಕಿತ್ತು ಜೆರ್ಸಿಯ ಜೊತೆ ಕಟ್ಟಿ ಮಾರಿದರೆ ಅದಕ್ಕೆ ಏನೆನ್ನಬೇಕು? ಇದನ್ನೆಲ್ಲ ಅಡುಗೆಮನೆಯಲ್ಲಿ ನಿಂತು ಅಮ್ಮನ ಮೇಲೆ ಕೂಗಾಡಿದೆ. ಅವಳು ಪಾಪ, ಸೌಟು ಹಿಡಿದು ನಿಂತೇ ಇದ್ದಳು. ಕೊನೆಗೆ "ಅಪ್ಪಂಗೆ ಹೇಳ್ಬೇಡ" ಎಂದಳು.

ಹೇಳಲಿಲ್ಲ. ಆಮೇಲಿನ ದಿನಗಳಲ್ಲಿ ಅಪ್ಪ ಹೊಸ ಆಟಗಾರರ ಬಗ್ಗೆ ಕೇಳಿದಾಗಲೆಲ್ಲ ನಾನು ಮಾತು ತಿರುಗಿಸುತ್ತಿದ್ದೆ. ಪೇಪರಿನ ಕ್ರೀಡಾಪುಟ ಓದಿ ಹೇಳುವಾಗ ಮೊದಲ ಮ್ಯಾಚಿನ ದಿನವನ್ನು ಹಾರಿಸಿಬಿಡುತ್ತಿದ್ದೆ. ಅವರೇ ಅಮ್ಮನನ್ನು ಕೇಳಿ ದಿನ ಎಣಿಸಿಕೊಂಡರು.

ಮೊದಲ ಮ್ಯಾಚಿನ ಸಂಜೆ ಮೆಟ್ರೋದಲ್ಲಿ ಹೋದೆವು. ಈಗ ಹೇಳುತ್ತೇನೆ, ಇಳಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಗೇಟಿನ ತನಕ ಬಂದೆ. ಅಪ್ಪ ನನ್ನ ಕೈ ಬಿಟ್ಟರು. ಒಂದು, ಎರಡು ಎಂದು ತುಟಿಯಲ್ಲೇ ಎಣಿಸುತ್ತ ಇಳಿದರು, ಹದಿನಾಲ್ಕಕ್ಕೆ ಕಂಬಿ ಮುಟ್ಟಿದರು, ಬಲಕ್ಕೆ ತಿರುಗಿ ಕೂತರು. ಮುಖದಲ್ಲಿ ಎಷ್ಟು ಸಂತೋಷವೆಂದರೆ, ತಡೆಯಲು ನನಗೆ ಬಾಯಿ ಬರಲಿಲ್ಲ. ಎರಡು ಸೀಟೂ ಖಾಲಿ ಇದ್ದವು. ನಾನೂ ಕೂತೆ.

ಆಟ ಶುರುವಾಯಿತು. ನನ್ನ ಕಣ್ಣೆಲ್ಲ ಮೆಟ್ಟಿಲ ಮೇಲೆ. ಜೆರ್ಸಿ ಹಾಕಿಕೊಂಡು ಯಾರು ಇಳಿದರೂ ಇವರೇ ಇರಬೇಕು ಅನಿಸುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. "ಬಲಗಡೆ... ಅಲ್ಲ, ಎಡಗಡೆ."

"ಎಲ್ಲಿದೆ ನಿನ್ ಗ್ಯಾನ?" ಎಂದರು ಅಪ್ಪ. "ಬಾಲ್ ಯಾರ ಹತ್ರ ಇದೆ ಹೇಳು."

ಮೆಟ್ಟಿಲಿನಿಂದ ಕಣ್ಣು ಕಿತ್ತು ಮೈದಾನದಲ್ಲಿ ಚೆಂಡನ್ನು ಹುಡುಕಿದೆ.

ವಿರಾಮದ ಹೊತ್ತಿಗೆ ಅವರು ಬಂದರು. ಗಂಡ ಹೆಂಡತಿ, ಇಬ್ಬರಿಗೂ ಸಹಿ ಮಾಡಿದ ಜೆರ್ಸಿ. ಕೆಟ್ಟವರೇನಲ್ಲ. "ಆಂಟಿ, ಇದು ನಮ್ ಸೀಟು ಅನ್ಸುತ್ತೆ" ಎಂದು ಮೊಬೈಲ್ ತೋರಿಸಿದಳು ಹೆಂಡತಿ.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತರು. "ನಮ್ದು ಎಲ್ಲಿ?" ಎಂದು ನನ್ನನ್ನೇ ಕೇಳಿದರು. ಹೇಳಿದೆ. ರಾಹುಕಾಲದ್ದನ್ನೂ ಹೇಳಿದೆ, ಅಲ್ಲೇ, ಆ ಜನರ ಮುಂದೆಯೇ. ಅಪ್ಪ ಬೈಯಲಿಲ್ಲ. "ಸರಿ, ನಡಿ. ನಮ್ ಸೀಟಲ್ಲಿ ನಾವು ಕೂರೋಣ" ಎಂದರು. ಮಿಲ್ಲಿನಲ್ಲಿ ಅಷ್ಟು ವರ್ಷ ತಮ್ಮ ಮಗ್ಗ ಬಿಟ್ಟು ಇನ್ನೊಬ್ಬರ ಮಗ್ಗದ ಹತ್ತಿರ ನಿಲ್ಲದ ಮನುಷ್ಯ. ಅವರಿಗೆ ಎಬ್ಬಿಸಿಕೊಂಡದ್ದೇ ಅವಮಾನ.

ಕೆಳಗಿನ ಸೀಟಿಗೆ ಅವರನ್ನು ಕರೆದೊಯ್ದು ಕೂರಿಸಿದೆ. ಎರಡೂ ಪಕ್ಕದಲ್ಲಿ ಕಾಲೇಜಿನ ಹುಡುಗರ ಗುಂಪು. ಒಬ್ಬನನ್ನು ಸೀಟು ಬದಲಿಸಿಕೊಳ್ಳುತ್ತೀಯಾ ಎಂದು ಕೇಳಿದೆ. "ನಾವೆಲ್ಲಾ ಒಟ್ಟಿಗೆ ಬುಕ್ ಮಾಡಿದ್ದು ಆಂಟಿ, ಸಾರಿ" ಎಂದ. ಮೆಟ್ಟಿಲ ಮೇಲೆ ಕೂತೆ. ಸೆಕ್ಯೂರಿಟಿಯವರು ಬಂದು, "ಇಲ್ಲೆಲ್ಲಾ ಕೂರಂಗಿಲ್ಲ ಮೇಡಂ, ಮೇಲೇಳಿ" ಎಂದರು. ಫೋನಿನಲ್ಲಿ ಹೇಳೋಣವೆಂದರೆ ಆ ಗದ್ದಲದಲ್ಲಿ ಅಪ್ಪನಿಗೆ ರಿಂಗು ಕೂಡ ಕೇಳಿಸದು. ಆರು ಸಾಲು ಹತ್ತಿ ನನ್ನ ಸೀಟಿಗೆ ಹೋದೆ.

ಅಲ್ಲಿಂದ ನನಗೆ ಕಂಡದ್ದು ಅಪ್ಪನ ತಲೆಯೊಂದೇ. ಹುಡುಗರು ಕೂಗಿದ ಕಡೆ ಆ ತಲೆ ತಿರುಗುತ್ತಿತ್ತು, ಪ್ರತಿ ಸಲವೂ ಒಂದು ಕ್ಷಣ ತಡವಾಗಿ. ಬಿಸಿಲು ಇಳಿದು ದೀಪ ಹತ್ತಿದವು. ಜೆರ್ಸಿಯ ಗಂಡ ಹೆಂಡತಿ ನಾಲ್ಕಾರು ಸೆಲ್ಫಿ ತೆಗೆದುಕೊಂಡರು, ಟ್ರಾಫಿಕ್ ಶುರುವಾಗುವ ಮೊದಲು ಹೊರಡೋಣವೆಂದು ಎದ್ದು ಹೋದರು. ನಾನು ಕೆಳಗೆ ಓಡಿದೆ.

"ಅಪ್ಪಾ, ಅವ್ರು ಹೋದ್ರು. ಬನ್ನಿ, ಅಲ್ಲೇ ಕೂರೋಣ."

"ಒಂದ್ಸಲ ಎಬ್ಸಿದ್ರಲ್ಲಮ್ಮಾ, ಸಾಕು. ನೀನು ಹೋಗಿ ನೋಡು."

ಕೈ ಹಿಡಿದು ಎಳೆದೆ. ಬಿಡಿಸಿಕೊಂಡರು. ಮತ್ತೆ ಮೇಲೆ ಹತ್ತಿದೆ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ನಮ್ಮವನೊಬ್ಬ ಚೆಂಡನ್ನು ಬಲೆಗೆ ಹೊಡೆದ. ಇಡೀ ಸ್ಟ್ಯಾಂಡ್ ಎದ್ದು ಅರಚಿತು. ಅಪ್ಪನೂ ಎದ್ದರು, ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟತೊಡಗಿದರು. ಅಷ್ಟರಲ್ಲಿ ಗೆರೆಯ ಪಕ್ಕದಲ್ಲಿ ನಿಂತ ಸಹಾಯಕ ರೆಫರಿಯ ಬಾವುಟ ಮೇಲೆದ್ದಿತು. ಆಫ್‌ಸೈಡ್, ಗೋಲಿಲ್ಲ. ಜನ ಉಸ್ಸೆಂದು ಕೂತರು. ಅಪ್ಪನ ಪಕ್ಕದ ಹುಡುಗರೂ ತಲೆಯ ಮೇಲೆ ಕೈಹೊತ್ತು ಕೂತರು.

ಅಪ್ಪ ಕೂರಲಿಲ್ಲ. ಆ ಸಾಲಿನಲ್ಲಿ ಅವರೊಬ್ಬರೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಹಿಂದಿನವರು ಕೂರಿ, ಕೂರಿ ಎನ್ನುತ್ತಿದ್ದರು. ಯಾರು ಹೊಡೆದದ್ದೆಂದು ಕೇಳಲು ಅಪ್ಪ ಬಲಕ್ಕೆ, ಏಳು ಸೀಸನ್ನು ನಾನು ಕೂರುತ್ತಿದ್ದ ಕಡೆಗೆ, ಕಿವಿ ಒಡ್ಡಿ ಬಗ್ಗಿದರು. ಅಲ್ಲಿದ್ದ ಹುಡುಗ ಸ್ವಲ್ಪ ಆಚೆ ಸರಿದ.

"ಗೋಲ್ ಅಲ್ಲಪ್ಪಾ, ಕೂತ್ಕೊಳ್ಳಿ!" ಎಂದು ನಾನು ಆರು ಸಾಲು ಮೇಲಿನಿಂದ ಗಂಟಲು ಹರಿಯುವಂತೆ ಕೂಗಿದೆ. ನಮ್ಮಿಬ್ಬರ ನಡುವೆ ಆ ಎರಡು ಸೀಟುಗಳು ಖಾಲಿ ಇದ್ದವು. ಅಪ್ಪನಿಗೆ ಕೇಳಿಸಲಿಲ್ಲ, ಅವರು ಬಗ್ಗಿಕೊಂಡೇ ಕಾಯುತ್ತಿದ್ದರು.